ಮಾತಾಡಿದ ತಖ್ತೆ

ಅಕ್ಕಲಕೋಟ ತಾಲೂಕಿನಲ್ಲಿ ದನ ಕಟ್ಟಿದವರ ಪೈಕಿ ಶ್ರದ್ಧಾಳ ಮುಖ ನೋಡಿದವರು ಕಡಿಮೆ, ದನಿ ಕೇಳದವರು ಇನ್ನೂ ಕಡಿಮೆ. ಎಮ್ಮೆ ಮೇವು ಬಿಟ್ಟರೆ, ಆಕಳ ಕೆಚ್ಚಲು ಬಾತರೆ, ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದರೆ ಜನ ಮೊದಲು ಫೋನ್ ಹಚ್ಚುತ್ತಿದ್ದುದು ಬೋರಿಕಾಠ ಹಾಲು ಸಂಘದ ಸಹಾಯವಾಣಿಗೆ. ಸೊಲ್ಲಾಪುರದ ಕಚೇರಿಯಿಂದ "ಹೇಳ್ರಿ ಕಾಕಾ, ಯಾವ ಊರು, ಏನಾಗೇತಿ?" ಎಂಬ ಗಟ್ಟಿ ದನಿ ಬಂತೆಂದರೆ ಅರ್ಧ ಗಾಬರಿ ಅಲ್ಲಿಗೇ ಇಳಿಯುತ್ತಿತ್ತು. ಮರಾಠಿಯಲ್ಲಿ ಕೇಳಿದವರಿಗೆ ಮರಾಠಿ, ಕನ್ನಡದಲ್ಲಿ ಕೇಳಿದವರಿಗೆ ಕನ್ನಡ, ಎರಡನ್ನೂ ಕಲಸಿ ಮಾತಾಡಿದವರಿಗೆ ಕಲಸಿದ್ದೇ.

ಆ ದನಿಯ ಹುಡುಗಿಗೆ ಕಣ್ಣು ಕಾಣುವುದಿಲ್ಲ ಎಂಬುದು ಫೋನ್ ಮಾಡುವ ಬಹಳ ಮಂದಿಗೆ ಗೊತ್ತಿರಲಿಲ್ಲ. ಗೊತ್ತಾಗುವಂಥ ಕಾರಣವೂ ಬಂದಿರಲಿಲ್ಲ.

ಶ್ರದ್ಧಾ ಮಂದ್ರೂಪದವಳು. ಅಪ್ಪ ಸಾತಲಿಂಗಪ್ಪನದು ಕಬ್ಬು, ಜೋಳದ ಒಕ್ಕಲುತನ. ತೊಟ್ಟಿಲು ಬಿಡುವ ಮೊದಲೇ ಬಂದ ಜ್ವರವೊಂದು ಮಗುವಿನ ಕಣ್ಣು ತೆಗೆದುಕೊಂಡು ಹೋಯಿತು. "ಮನ್ಯಾಗ ಏನು ಕಡಿಮಿ ಐತಿ, ಕೂತು ಉಣ್ಣಲಿ" ಎಂದು, ಅವಳಿಗೆ ಶಾಲೆಯ ವಯಸ್ಸಾದಾಗ, ಊರ ಹಿರಿಯರು ಹೇಳಿದರು. ಸಾತಲಿಂಗಪ್ಪ ಅವರಿಗೆ ಚಹಾ ಕುಡಿಸಿ ಕಳಿಸಿ, ಮರುದಿನವೇ ಮಗಳನ್ನು ಸೊಲ್ಲಾಪುರದ ಅಂಧರ ಶಾಲೆಗೆ ಕರೆದುಕೊಂಡು ಹೋಗಿ ಹೆಸರು ಹಚ್ಚಿಸಿದ. ಅಲ್ಲಿ ಅವಳು ಬ್ರೈಲ್ ಕಲಿತಳು, ಮರಾಠಿ ಕಲಿತಳು, ಕೊನೆಗೆ ಕಂಪ್ಯೂಟರೂ ಕಲಿತಳು. ಪರದೆಯ ಮೇಲಿದ್ದುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ಸಾಧನವನ್ನು ಅವಳು ಎಷ್ಟು ವೇಗದಲ್ಲಿ ಓಡಿಸುತ್ತಿದ್ದಳೆಂದರೆ, ಪಕ್ಕದಲ್ಲಿ ನಿಂತವರಿಗೆ ಅದು ಮಾತು ಎಂದೇ ತಿಳಿಯುತ್ತಿರಲಿಲ್ಲ. ಬಿಸಿ ಎಣ್ಣೆಗೆ ಸಾಸಿವೆ ಬಿದ್ದಂತೆ ಕೇಳುತ್ತಿತ್ತು.

ಶಾಲೆ ಮುಗಿಸಿ ಸಹಾಯವಾಣಿಯ ಕೆಲಸಕ್ಕೆ ಸೇರಿದಾಗ ಸಂಘ ಚಿಕ್ಕದಿತ್ತು, ಅವಳಿಗೆ ಕಂಪ್ಯೂಟರಿನ ಅಗತ್ಯವೇ ಬೀಳಲಿಲ್ಲ. ಬಂದ ಫೋನು, ಹೋದ ಡಾಕ್ಟರು, ಉಳಿದ ದನ ಎಲ್ಲವೂ ತಲೆಯಲ್ಲಿ ನಿಲ್ಲುತ್ತಿತ್ತು. ಆಮೇಲೆ ಸಂಘ ಬೆಳೆಯಿತು. ದುಧನಿ, ಮೈಂದರ್ಗಿ, ಕರಜಗಿ, ವಾಗದರಿ ಎನ್ನುತ್ತ ಊರುಗಳು ಸೇರುತ್ತ ಹೋದವು, ದನದ ಡಾಕ್ಟರುಗಳೂ ಹೆಚ್ಚಾದರು. ಯಾರು ಎಲ್ಲಿದ್ದಾರೆ ಎಂದು ನೆನಪಿಡುವುದು ಯಾರಿಂದಲೂ ಆಗದ ಮಾತಾಯಿತು. ಆಗ ವ್ಯವಸ್ಥಾಪಕ ಸಿದ್ಧರಾಮ ಸಾಹೇಬರು ಹೊಸ ವೆಬ್‌ಸೈಟ್ ಮಾಡಿಸಿದರು. ತೆರೆದರೆ ಒಂದೇ ದೊಡ್ಡ ತಖ್ತೆ. ಒಂದೊಂದು ಕರೆಗೆ ಒಂದೊಂದು ಅಡ್ಡ ಸಾಲು. ಸಾಲಿನಲ್ಲಿ ಊರು, ಒಕ್ಕಲಿಗನ ಹೆಸರು, ಯಾವ ದನ, ಎಷ್ಟು ದನ, ಏನು ಬೇನೆ, ಯಾವ ಡಾಕ್ಟರು, ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾರೆ, ಸ್ಥಿತಿ ಏನು ಎಂಬ ಚೌಕ ಮನೆಗಳು. ತಲೆಬರಹವನ್ನು ಒತ್ತಿದರೆ ಸಾಲುಗಳೆಲ್ಲ ತಾವೇ ಹಿಂದುಮುಂದಾಗಿ ಕ್ರಮಕ್ಕೆ ಬರುತ್ತಿದ್ದವು. ಊರಿನ ಹೆಸರು ಬರೆದರೆ ಆ ಊರಿನ ಸಾಲುಗಳಷ್ಟೇ ಉಳಿಯುತ್ತಿದ್ದವು. ಕಚೇರಿಯವರೆಲ್ಲ ಪರದೆಯ ಸುತ್ತ ನಿಂತು "ವಾ!" ಅಂದರು.

ಶ್ರದ್ಧಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಯಂತ್ರ ಓದತೊಡಗಿತು: "ಮೈಂದರ್ಗಿ. ಎಮ್ಮೆ. ಎರಡು. ಕುನಾಲ. ನಲವತ್ತು. ಇಲ್ಲ."

ಏನು ಎರಡು? ಎಮ್ಮೆ ಎರಡೋ, ಎರಡನೇ ಸಲದ ಫೋನೋ? ನಲವತ್ತು ಎಂದರೆ ಹೊತ್ತೋ, ದೂರವೋ? ಯಾವುದು ಇಲ್ಲ? ಯಂತ್ರ ಮನೆಯ ಹೆಸರು ಹೇಳದೆ ಒಳಗಿನ ಮಾತಷ್ಟೇ ಒದರುತ್ತಿತ್ತು. ಅವಳು ಕಷ್ಟಪಟ್ಟು ಎಣಿಸುತ್ತ ಐದನೆಯ ಮನೆಗೆ ಬಂದಳು ಎನ್ನುವಾಗ ಹೊಸ ಕರೆ ಬರುತ್ತಿತ್ತು, ತಖ್ತೆ ಪೂರ್ತಿ ಮತ್ತೆ ಮೂಡುತ್ತಿತ್ತು, ಅವಳನ್ನು ಎತ್ತಿ ಪುಟದ ತುದಿಗೆ ಒಗೆಯುತ್ತಿತ್ತು. ಮೆಟ್ಟಿಲು ಹತ್ತುವಾಗ ಯಾರೋ ಪ್ರತಿ ಸಲ ಕೆಳಗೆ ಎಳೆದಂತೆ.

ಆಗಬಾರದ್ದು ಆಗಿಯೇ ಹೋಯಿತು. ಒಂದು ಮಧ್ಯಾಹ್ನ ಅವಳು ಡಾಕ್ಟರ್ ಕುನಾಲನನ್ನು ವಾಗದರಿಗೆ ಕಳಿಸಿದಳು. ಆತ ಅಲ್ಲಿಂದ ಫೋನ್ ಮಾಡಿ, "ಶ್ರದ್ಧಾ, ಇಲ್ಲಿ ದನ ಎದ್ದು ಮೇಯಾಕತ್ತೈತಿ. ನಿನ್ನೇನ ಇದಕ್ಕ ಸೂಜಿ ಹಾಕಿ ಹೋಗೀನಲ್ಲ!" ಅಂದ. ಅದು ಮುಗಿದುಹೋದ ಸಾಲು. ನಿಜವಾಗಿ ಕಾಯುತ್ತಿದ್ದುದು ಚಪಳಗಾಂವದಲ್ಲಿ ಹೊಟ್ಟೆ ಉಬ್ಬಿದ ಒಂದು ಆಡು. ಆಡಿನ ಯಜಮಾನ ಬೇರೆ ಡಾಕ್ಟರನ್ನು ಕರೆಸಿ ಅದನ್ನು ಉಳಿಸಿಕೊಂಡ. ಆಮೇಲೆ ಸಿದ್ಧರಾಮ ಸಾಹೇಬರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ.

ಸಾಹೇಬರು ಬೈದಿದ್ದರೆ ಶ್ರದ್ಧಾ ಬೈಸಿಕೊಳ್ಳುತ್ತಿದ್ದಳು. ಅವರು ಮೆತ್ತಗೆ ಮಾತಾಡಿದರು. "ನಿನ್ನ ಕೆಲಸದ ಬಗ್ಗೆ ಎರಡು ಮಾತಿಲ್ಲವ್ವಾ. ಆದ್ರ ಇದು ಜೀವದ ಪ್ರಶ್ನಿ. ಸದ್ಯಕ್ಕ ನೀ ಬಾಗಲದ ಹತ್ರ ಕೂಡು. ಬಂದವರನ್ನ ವಿಚಾರಿಸಿಕೊಂಡರಾತು."

ಬಾಗಿಲ ಹತ್ತಿರ ಬರುವವರೇ ಇರಲಿಲ್ಲ. ಒಳಗಡೆ ಫೋನುಗಳು ರಿಂಗಾಗುವುದು ಕೇಳುತ್ತಿತ್ತು. ಬೇರೆ ಯಾರೋ ಎತ್ತಿಕೊಳ್ಳುತ್ತಿದ್ದರು, "ಶ್ರದ್ಧಾತಾಯಿ ಎಲ್ಲಿ?" ಎಂದು ಆ ಕಡೆಯವರು ಕೇಳುತ್ತಿರಬೇಕು, "ಇಲ್ರೀ, ನೀವು ಹೇಳ್ರಿ" ಎಂದು ಇವರು ಹೇಳುತ್ತಿದ್ದರು. ಶ್ರದ್ಧಾಳ ಎದೆಗೆ ಆ ಮಾತು ಮುಳ್ಳಿನಂತೆ ಚುಚ್ಚುತ್ತಿತ್ತು. ಮನೆಯಲ್ಲಿ ಅವ್ವ ಗುರುಲಿಂಗಮ್ಮ ರೊಟ್ಟಿಯ ಗಂಗಾಳ ಮುಂದಿಟ್ಟು, "ಯಾಕ ಉಣವಲ್ಲಿ? ಹೋಗ್ಲಿ ಬಿಡು, ಪಗಾರ ಕೊಡ್ತಾರಲ್ಲ?" ಅಂದಳು. "ಪಗಾರಕ್ಕ ಹೋಗಾಕತ್ತೀನೇನು ಅವ್ವಾ ನಾ?" ಎಂದವಳೇ ಶ್ರದ್ಧಾ ಎದ್ದುಬಿಟ್ಟಳು.

ಅಳುವುದು ಒಂದು ವಾರಕ್ಕೆ ಮುಗಿಯಿತು. ಆಮೇಲೆ ಅವಳು ಸಾಹೇಬರ ಖೋಲಿಗೆ ಹೋಗಿ ನಿಂತಳು. "ಸಾಹೇಬ್ರ, ತಪ್ಪು ನಂದ ಐತಿ, ಒಪ್ಪೀನಿ. ಆದ್ರ ಈ ತಖ್ತೆ ಮಾಡಿದವರು ಯಾರು? ಅವರ ಪತ್ತೆ ಕೊಡ್ರಿ. ಒಂದ್ ಸಲ ಮಾತಾಡ್ತೀನಿ."

ಮಾಡಿದವನ ಹೆಸರು ಅಮೋಲ್. ನವಿ ಪೇಠದಲ್ಲಿ ಸೀರೆ ಅಂಗಡಿಯೊಂದರ ಮೇಲೆ ಅವನ ಕಚೇರಿ. ಶ್ರದ್ಧಾ ರಿಕ್ಷಾ ಇಳಿದು, ಹೊಸ ಬಟ್ಟೆಯ ಗಂಜಿ ವಾಸನೆ ಹಿಡಿದು, ಕೋಲಿನಿಂದ ಮೆಟ್ಟಿಲು ಹುಡುಕಿ ಮೇಲೆ ಹತ್ತಿದಳು. ಅಮೋಲ್‌ನ ಮಾತು ಮರಾಠಿಯಲ್ಲೇ ಶುರುವಾಯಿತು. ಮಂದ್ರೂಪ ಎಂದು ಕೇಳಿದ ಕೂಡಲೇ ಕನ್ನಡಕ್ಕೆ ಹೊರಳಿತು. "ನಮ್ಮ ಅಜ್ಜಿ ಊರೂ ಆ ಕಡೀದ ಅಕ್ಕಾರ. ಮಾತಾಡಾಕ ಬರತೈತಿ, ಓದಾಕ ಬರಂಗಿಲ್ಲ."

ಆದರೆ ತಖ್ತೆಯ ಮಾತು ಬಂದಾಗ ಅವನ ದನಿ ಸ್ವಲ್ಪ ಬಿಗಿಯಾಯಿತು. "ಅದು ಬರೋಬರಿ ಐತ್ರಿ. ಮೊಬೈಲ್ದಾಗ, ಕಂಪ್ಯೂಟರ್ದಾಗ, ಎಲ್ಲಾ ಕಡೆ ನೋಡೇ ಕೊಟ್ಟೀನಿ."

ಶ್ರದ್ಧಾ ವಾದ ಮಾಡಲಿಲ್ಲ. ತನ್ನ ಲ್ಯಾಪ್‌ಟಾಪ್ ತೆಗೆದು ಮೇಜಿನ ಮೇಲಿಟ್ಟಳು, ಹೆಡ್‌ಫೋನ್ ಕಿತ್ತು ದನಿ ಹೊರಗೆ ಬಿಟ್ಟಳು, ವೇಗ ಇಳಿಸಿದಳು. ಯಂತ್ರ ಅದೇ ಪಾಠ ಒಪ್ಪಿಸಿತು: ಊರು, ಎಮ್ಮೆ, ಎರಡು, ನಲವತ್ತು, ಇಲ್ಲ. ಅಮೋಲ್ ಹತ್ತಿರ ಸರಿದ. ಕುರ್ಚಿ ಕಿರುಗುಟ್ಟಿತು. "ಪರದೆ ಆಚೆ ತಿರುಗಿಸ್ರಿ ಅಕ್ಕಾರ," ಅಂದ, "ನಾನೂ ಬರೇ ಕಿವೀಲೇ ನೋಡ್ತೀನಿ." ತಾನು ಮಾಡಿದ ತಖ್ತೆಯೊಳಗೆ ತಾನೇ ದಾರಿ ತಪ್ಪಿ, ಎರಡು ಸಲ ಪುಟದ ತುದಿಗೆ ಎಸೆಯಲ್ಪಟ್ಟು, ಕೊನೆಗೆ ಜೋರಾಗಿ ನಕ್ಕುಬಿಟ್ಟ. "ಆಯಿಶಪಥ್, ಅವ್ವನಾಣೆ! ಇದರಾಗ ನೀವು ಇಷ್ಟು ದಿನ ಹೆಂಗ ಕೆಲಸ ಮಾಡಿದ್ರಿ?"

"ಮಾಡಾಕ ಆಗಲಿಲ್ಲ, ಅದಕ್ಕ ಬಂದೀನಿ," ಅಂದಳು ಶ್ರದ್ಧಾ. ಅವಳಿಗೂ ನಗು ಬಂತು.

"ನಿಮಗ ಏನು ಬೇಕು, ಬಿಡಿಸಿ ಹೇಳ್ರಿ."

ಅವಳು ಹೇಳಿದಳು: "ನಮ್ಮವ್ವ ನನ್ನ ಮುಂದ ಗಂಗಾಳ ಇಡುವಾಗ, ಬಲಕ್ಕ ಶೇಂಗಾ ಚಟ್ನಿ, ಎಡಕ್ಕ ಪಲ್ಯ, ನಡುವ ರೊಟ್ಟಿ ಅಂತ ಹೇಳ್ತಾಳ. ಹೇಳಿದ್ಲು ಅಂದ್ರ ಮುಗೀತು, ನಾ ಎಲ್ಲಾರಂಗ ಉಣ್ತೀನಿ. ಹೇಳದ ಇಟ್ರ ನಾ ಎಲ್ಲಾದ್ರಾಗೂ ಬೆರಳು ಅದ್ದಿ ನೋಡಬೇಕು. ನಿಮ್ಮ ತಖ್ತೆ ಹೇಳದ ಇಟ್ಟ ಗಂಗಾಳ."

ಅಮೋಲ್ ಆಗ ಒಳಗಿನ ಗುಟ್ಟು ಬಿಚ್ಚಿದ. ನೋಡಲು ಅಂದವಾಗಿರಲಿ ಎಂದು ಅವನು ಡಬ್ಬಿಗಳನ್ನು ಸಾಲಾಗಿ ಜೋಡಿಸಿ ತಖ್ತೆಯಂತೆ ಕಾಣಿಸಿದ್ದ. ಕಣ್ಣಿಗೆ ಅದು ತಖ್ತೆ. ಯಂತ್ರಕ್ಕೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದ ಡಬ್ಬಿಗಳು. ಇದು ತಲೆಬರಹ, ಇದು ಅದರ ಕೆಳಗಿನ ಮನೆ ಎಂದು ಯಂತ್ರಕ್ಕೆ ಯಾರೂ ಹೇಳಿರಲೇ ಇಲ್ಲ. "ಹೇಳಿದ್ರ ಆತಲ್ಲ," ಅಂದ ಅಮೋಲ್.

ಅಷ್ಟು ಸಲೀಸಾಗಿ ಆಗಲಿಲ್ಲ. ಕಚೇರಿ ಬಿಟ್ಟ ಮೇಲೆ ಶ್ರದ್ಧಾ ನವಿ ಪೇಠಕ್ಕೆ ಹೋಗುವುದು, ಮಂದ್ರೂಪದ ಬಸ್ಸಿನ ಹೊತ್ತಿನ ತನಕ ಕೂತು ಪರೀಕ್ಷೆ ಮಾಡುವುದು ರೂಢಿಯಾಯಿತು. ಮೊದಲ ಸಲ ತಿದ್ದಿದಾಗ ತಖ್ತೆ ಬಾಯಿ ಮುಚ್ಚಲೇ ಇಲ್ಲ. ಒಂದೊಂದು ಮನೆಗೂ ತಲೆಬರಹ, ಸಾಲು, ಕಾಲಂ, ಒತ್ತುವ ರೀತಿ ಎಲ್ಲವನ್ನೂ ಒದರಿತು. "ಇದೇನ್ ಅಮೋಲ್, ಮದುವಿ ಮನ್ಯಾಗಿನ ಸೋದರತ್ತಿ ಆತಲ್ಲ ಇದು!" ಎಂದು ಶ್ರದ್ಧಾ ಕಿವಿ ಮುಚ್ಚಿಕೊಂಡಳು. ಅವನು ಮಾತು ಕತ್ತರಿಸಿದ. ಅಡ್ಡಕ್ಕೆ ಸರಿದರೆ ಕಾಲಂ ಹೆಸರು ಮಾತ್ರ, ಕೆಳಕ್ಕೆ ಇಳಿದರೆ ಒಕ್ಕಲಿಗನ ಹೆಸರು ಮಾತ್ರ. ಹೊಸ ಕರೆ ಬಂದರೆ ತಖ್ತೆ ಪೂರ್ತಿ ಮರುಹುಟ್ಟು ಪಡೆಯುವುದು ನಿಂತಿತು. ಅವಳು ನಿಂತ ಮನೆಯಲ್ಲೇ ನಿಲ್ಲುತ್ತಿದ್ದಳು, "ಹೊಸ ಕರೆ" ಎಂದು ಯಂತ್ರ ಪಿಸುಗುಟ್ಟಿ ಸುಮ್ಮನಾಗುತ್ತಿತ್ತು. ತಲೆಬರಹದ ಮೇಲೆ ಎಂಟರ್ ಒತ್ತಿದರೆ "ಕಾಯ್ದ ಹೊತ್ತು, ಹೆಚ್ಚಿನಿಂದ ಕಡಿಮೆಗೆ" ಎಂದು ಕ್ರಮವನ್ನೂ ತಿಳಿಸುತ್ತಿತ್ತು.

ಒಂದು ಸಂಜೆ ಅಮೋಲ್ ಮಾತಿನ ಭರದಲ್ಲಿ, "ಕೆಂಪು ಸಾಲು ಬಂದ್ರಂತೂ ನೀವು ಲಗು ನೋಡ್ತೀರಲ್ಲ, ಅದಕ್ಕ..." ಎಂದ.

"ಕೆಂಪು? ಯಾವ ಕೆಂಪು?"

ಅಮೋಲ್ ತುರ್ತಿನ ಸಾಲುಗಳಿಗೆ ಕೆಂಪು ಬಣ್ಣ ಹಚ್ಚಿದ್ದ, ಅಷ್ಟೇ. ಜೀವ ಹೋಗುವಂಥ ಕರೆ ಯಾವುದು, ನಾಳೆ ನೋಡಿದರೂ ನಡೆಯುವ ಕರೆ ಯಾವುದು ಎಂಬ ದೊಡ್ಡ ಮಾತೇ ಶ್ರದ್ಧಾಳಿಗೆ ಇಷ್ಟು ದಿನ ಮುಟ್ಟಿರಲಿಲ್ಲ. ಚಪಳಗಾಂವದ ಆಡು ಕೆಂಪು ಸಾಲಿನಲ್ಲಿತ್ತೆಂದು ಅವಳಿಗೆ ಆವಾಗ ತಿಳಿಯಿತು. ತಪ್ಪು ತನ್ನೊಬ್ಬಳದೇ ಅಲ್ಲ ಎಂದು ಎದೆಯ ಮೇಲಿನ ಕಲ್ಲೊಂದು ಜರುಗಿದಂತಾಯಿತು. ಅಮೋಲ್ ಅವತ್ತೇ "ತುರ್ತು" ಎಂಬ ಹೊಸ ಕಾಲಂ ಸೇರಿಸಿದ. ಬಣ್ಣ ಇದ್ದ ಕಡೆಯೆಲ್ಲ ಈಗ ಬರೆದ ಶಬ್ದವೂ ಬಂತು. ಬಿಸಿಲಲ್ಲಿ ನಿಂತು ಮೊಬೈಲ್ ನೋಡುವ ಡಾಕ್ಟರುಗಳಿಗೂ ಅದೇ ಅನುಕೂಲವಾಯಿತು; ಬೆಳಕಿಗೆ ಬಣ್ಣ ತೇಲಿಹೋಗುತ್ತದೆ, ಅಕ್ಷರ ಉಳಿಯುತ್ತದೆ.

ಸಿದ್ಧರಾಮ ಸಾಹೇಬರು ಹೊಸ ತಖ್ತೆಯನ್ನು ತಾವೇ ಪರೀಕ್ಷಿಸಿ, "ಒಂದು ದಿನ ಕೂತು ತೋರಸವ್ವಾ" ಎಂದು ಶ್ರದ್ಧಾಳನ್ನು ಮತ್ತೆ ಫೋನಿನ ಮುಂದೆ ಕೂಡಿಸಿದರು. ಆ ದಿನವೇ ಮಳೆ ಹಿಡಿಯಬೇಕೆ!

ನಸುಕಿನಿಂದ ಸುರಿದದ್ದು ಬಿಡಲಿಲ್ಲ. ಹಳ್ಳಗಳು ತುಂಬಿದವು, ಕೊಟ್ಟಿಗೆಗಳಿಗೆ ನೀರು ನುಗ್ಗಿತು. ಒಂದು ಫೋನು ಬಾಯಿ ಮುಚ್ಚುವ ಮೊದಲೇ ಇನ್ನೊಂದು ಬಾಯಿ ತೆರೆಯಿತು. ಕಚೇರಿಯವರು ಕರೆ ಬರೆದುಕೊಳ್ಳುತ್ತಿದ್ದರು, ತಖ್ತೆ ಉದ್ದವಾಗುತ್ತ ಹೋಗುತ್ತಿತ್ತು, ಯಾರನ್ನು ಎಲ್ಲಿಗೆ ಅಟ್ಟಬೇಕೆಂಬ ಹೊಣೆ ಶ್ರದ್ಧಾಳದಾಗಿತ್ತು. ಅವಳ ಬೆರಳುಗಳು ಕೀಲಿಗಳ ಮೇಲೆ ಓಡಾಡಿದವು. ತುರ್ತು ಮೇಲಕ್ಕೆ. ಅದರಲ್ಲೂ ಹೆಚ್ಚು ಕಾಯ್ದವರು ಮೊದಲು. ಮೈಂದರ್ಗಿ, ದುಧನಿ ಒಂದೇ ರಸ್ತೆಯವು, ಒಬ್ಬ ಡಾಕ್ಟರು ಸಾಕು. ಕರಜಗಿ ಕಡೆಯವು ಇನ್ನೊಬ್ಬರಿಗೆ. ಕುಸಿದ ಗೋಡೆಗೆ ಸಿಕ್ಕ ಹೋರಿ ಮೊದಲು, ಮೇವು ಬಿಟ್ಟ ಎಮ್ಮೆ ಆಮೇಲೆ. ಯಂತ್ರ ಸಾಸಿವೆ ಸಿಡಿದಂತೆ ಅವಳ ಕಿವಿಯಲ್ಲಿ ಸಿಡಿಯುತ್ತಿತ್ತು, ಅವಳು ಅದನ್ನು ಕನ್ನಡಕ್ಕೋ ಮರಾಠಿಗೋ ತಿರುಗಿಸಿ ಫೋನಿಗೆ ಹೇಳುತ್ತಿದ್ದಳು.

ನಾಗಣಸೂರದ ಅಮೃತಪ್ಪ ಎಂಬ ಮುದುಕನ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು. ಆಕಳು. ಈಯುವ ತ್ರಾಸ, ಕರು ಸಿಕ್ಕಿಕೊಂಡಿದೆ. ತುರ್ತು. ಡಾಕ್ಟರು, ಕುನಾಲ. ಮುಂದಿನ ಮನೆಗೆ ಸರಿದಳು: ಸ್ಥಿತಿ, ಹೊರಟಿಲ್ಲ. ಯಾಕೆ ಹೊರಟಿಲ್ಲ? ಕುನಾಲನಿಗೆ ಫೋನ್ ಹಚ್ಚಿದಳು. "ಹಳ್ಳ ದಾಟಾಕ ಆಗವಲ್ದು ಶ್ರದ್ಧಾ, ಸೊಂಟದ ಮ್ಯಾಲೆ ನೀರೈತಿ," ಎಂದ ಆತ, ಗಾಳಿಯಲ್ಲಿ ಕೂಗುತ್ತ.

"ನೀವು ಅಲ್ಲೇ ಇರ್ರಿ. ನಿಮ್ಮ ಕಡೀವು ಮೂರ್ನಾಕು ಅದಾವ, ಕಳಸ್ತೀನಿ."

ಹಳ್ಳದ ಈಚೆ, ನಾಗಣಸೂರದ ಬದಿಗೆ ಯಾರಿದ್ದಾರೆ? ಡಾಕ್ಟರ ಕಾಲಂ ಹಿಡಿದು ಸೋಸಿದಳು. ಯಂತ್ರ ಡಾಕ್ಟರ್ ಶೈಲೇಶರ ಹೆಸರು ಹೇಳಿತು: ಮೈಂದರ್ಗಿ, ಎಮ್ಮೆ, ಸ್ಥಿತಿ ಮುಗಿದಿದೆ. ಈಗಷ್ಟೇ ಮುಗಿದದ್ದು. ಶೈಲೇಶರು ಮೋಟರ್‌ಸೈಕಲ್ ಹತ್ತುವಷ್ಟರಲ್ಲಿ ಅವಳ ಫೋನ್ ಹೋಗಿತ್ತು. "ಡಾಕ್ಟರ್ರ, ದುಧನಿ ಬ್ಯಾಡ. ಗಾಡಿ ನಾಗಣಸೂರಕ್ಕ ತಿರುಗಸ್ರಿ. ಕರ ಅಡ್ಡ ಐತಿ."

ಆಮೇಲೆ ಅಮೃತಪ್ಪನಿಗೆ ಹಚ್ಚಿದಳು. ತಗಡಿನ ಮೇಲೆ ಮಳೆ ಬಡಿಯುವುದು, ಅದರ ಕೆಳಗೆ ಆಕಳು ನರಳುವುದು ಎರಡೂ ಕೇಳಿಸಿತು. "ಯವ್ವಾ, ಹೋಗತೈತಿ ನನ್ನ ಗೌರಿ," ಎಂದು ಮುದುಕ ಅತ್ತ.

"ಹೋಗಂಗಿಲ್ಲ ಕಾಕಾ. ಡಾಕ್ಟರ್ ಹೊಂಟಾರ. ನೀವು ಯಾರೂ ಜಗ್ಗಬ್ಯಾಡ್ರಿ. ಒಣ ಹುಲ್ಲು ಹಾಸಿ, ಬಿಸಿನೀರು ಇಟಗೊಳ್ರಿ. ನಾ ಲೈನ್‌ದಾಗ ಇರ್ತೀನಿ."

ಒಂದು ಕಿವಿಯಲ್ಲಿ ಅಮೃತಪ್ಪನ ಕೊಟ್ಟಿಗೆ, ಇನ್ನೊಂದರಲ್ಲಿ ತಖ್ತೆ. ಅವಳು ಎರಡನ್ನೂ ಬಿಡಲಿಲ್ಲ. ಕುನಾಲನಿಗೆ ಅವನ ಕಡೆಯ ಸಾಲುಗಳನ್ನು ಒಂದೊಂದಾಗಿ ಹಂಚುತ್ತಿರುವಾಗಲೇ ಮೋಟರ್‌ಸೈಕಲ್ ಬಂದು ನಿಂತ ಸದ್ದು, "ಸರೀರಿ, ಸರೀರಿ" ಎಂಬ ಶೈಲೇಶರ ದನಿ. ಬಹಳ ಹೊತ್ತು ಮಳೆಯಷ್ಟೇ ಕೇಳಿಸಿತು. ಇದ್ದಕ್ಕಿದ್ದಂತೆ ಒಬ್ಬ ಹೆಂಗಸು ಕೂಗಿದಳು, ಹಿಂದೆಯೇ ತೆಳ್ಳಗೆ, ಒದ್ದೆಯಾಗಿ, ಸಿಟ್ಟು ಬಂದಂತೆ ಒಂದು ಹೊಸ ದನಿ: "ಅಂಬ್ಯಾ!"

"ಕೇಳ್ತೇನವ್ವಾ? ಕೇಳ್ತೇನ?" ಅಮೃತಪ್ಪ ಕುಣಿಯುತ್ತಿರಬೇಕು, ಫೋನು ಗಡಗಡ ಎನ್ನುತ್ತಿತ್ತು. "ಹೆಣ್ಗರ ಐತಿ! ತಾಯಿನೂ ಎದ್ದು ನೆಕ್ಕಾಕತ್ತೈತಿ!"

ಶ್ರದ್ಧಾ "ಕೇಳ್ತು ಕಾಕಾ," ಎಂದಷ್ಟೇ ಹೇಳಿ, ಅವನ ಸಾಲಿನಲ್ಲಿ "ಮುಗಿದಿದೆ" ಎಂದು ಬರೆದು, ಕೆಳಗಿನ ಸಾಲಿಗೆ ಇಳಿದಳು. ಅಲ್ಲಿ ಇನ್ನೊಂದು ಊರು ಕಾಯುತ್ತಿತ್ತು.

ಸಂಜೆ ಮಳೆ ತೆಳುವಾಯಿತು. ಸಿದ್ಧರಾಮ ಸಾಹೇಬರು ಅವಳ ಹಿಂದೆ ಬಂದು ನಿಂತದ್ದು ಒದ್ದೆ ಛತ್ರಿಯ ವಾಸನೆಯಿಂದ ಗೊತ್ತಾಯಿತು. "ಎಷ್ಟು ಬಾಕಿ ಅದಾವವ್ವಾ?"

ಶ್ರದ್ಧಾ ಹೆಡ್‌ಫೋನ್ ಕಿತ್ತಳು, ಎಲ್ಲರಿಗೂ ಕೇಳುವಂತೆ ದನಿ ಏರಿಸಿದಳು, ಸ್ಥಿತಿಯ ಕಾಲಂಗೆ ಹೋಗಿ "ಬಾಕಿ" ಎಂದು ಸೋಸಿದಳು. ಯಂತ್ರ ಅರೆಕ್ಷಣ ತಡೆದು ಹೇಳಿತು: "ಒಂದೂ ಸಾಲು ಇಲ್ಲ."

ಯಾರೋ ಮೇಜು ಬಡಿದರು. ಆಮೇಲೆ ಕಚೇರಿಗೆ ಕಚೇರಿಯೇ ಚಪ್ಪಾಳೆ ಹೊಡೆಯಿತು. ಸಾಹೇಬರು ಅವಳ ತಲೆಯ ಮೇಲೆ ಕೈಯಿಟ್ಟು, "ಬಾಗಲದ ಹತ್ರ ಕೂಡು ಅಂದಿದ್ದೆ. ಆ ಮಾತು ಹೊಟ್ಯಾಗ ಹಾಕ್ಕೊ ತಂಗಿ," ಅಂದರು. "ನಾಳಿಂದ ಸಹಾಯವಾಣಿ ಪೂರಾ ನಿನ್ನ ಕೈಯಾಗ."

ಹಾಗೇ ಆಯಿತು. ಈಗ ಶ್ರದ್ಧಾ ಆ ವಿಭಾಗದ ಮುಖ್ಯಸ್ಥೆ. ತಾನು ಕಲಿತ ಶಾಲೆಯ ಇಬ್ಬರು ಹುಡುಗಿಯರನ್ನು ಅಲ್ಲಿಗೆ ಕರೆತಂದು ತಯಾರು ಮಾಡಿದ್ದಾಳೆ. ಕಲಿಸುವಾಗ ಬಹಳ ಕಟ್ಟುನಿಟ್ಟು ಎಂದು ಅವರ ದೂರು. ಅಮೋಲ್ ತಾನು ಬೇರೆಯವರಿಗೆ ಮಾಡಿಕೊಡುವ ತಖ್ತೆಗಳಿಗೆಲ್ಲ ಅದೇ ರೀತಿ ಮಾತು ಕಲಿಸಿದ್ದಾನೆ, ಒಂದೊಂದನ್ನೂ ಶ್ರದ್ಧಾಳಿಗೆ ಕೇಳಿಸದೆ ಯಾರಿಗೂ ಕೊಡುವುದಿಲ್ಲ.

ಸಂಘದ ವಾರ್ಷಿಕ ಸಭೆ ಅಕ್ಕಲಕೋಟದ ಕಲ್ಯಾಣ ಮಂಟಪವೊಂದರಲ್ಲಿ ಸೇರಿತು. ರೈತರು ಕುರ್ಚಿ ತುಂಬಿ ಗೋಡೆಗುಂಟ ನಿಂತಿದ್ದರು. ಸಾತಲಿಂಗಪ್ಪ, ಗುರುಲಿಂಗಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಸಾಹೇಬರು ಶ್ರದ್ಧಾಳನ್ನು ವೇದಿಕೆಗೆ ಕರೆದರು. ಕೋಲು ಹಿಡಿದು ಅವಳು ನಡೆದು ಬಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ದನಿಯಷ್ಟೇ ಗೊತ್ತಿದ್ದವರು ಅವತ್ತು ಮೊದಲ ಸಲ ಅವಳನ್ನು ನೋಡುತ್ತಿದ್ದರು. "ಏ, ಇವಳ ಏನೋ ನಮ್ಮ ಶ್ರದ್ಧಾತಾಯಿ?" ಎಂದು ಯಾರೋ ಕೇಳಿದರು. ಅವಳು ಮೈಕಿನ ಮುಂದೆ ನಿಂತು, "ಹೇಳ್ರಿ ಕಾಕಾ, ಯಾವ ಊರು?" ಎಂದಳು. ಸಭೆ ಹೋ ಎಂದು ನಕ್ಕಿತು.

ಅವಳು ಲ್ಯಾಪ್‌ಟಾಪನ್ನು ಧ್ವನಿವರ್ಧಕಕ್ಕೆ ಜೋಡಿಸಿದಳು. ಅಮೃತಪ್ಪ ತಾಳಲಾರದೆ ಎದ್ದು ನಿಂತ. "ನಾಗಣಸೂರ ಹಚ್ಚವ್ವಾ!" ಅವಳು ಬರೆದಳು. ಮಂಟಪದ ತುಂಬ ಯಂತ್ರದ ದನಿ ಮೊಳಗಿತು: "ಅಮೃತಪ್ಪ. ದನ, ಆಕಳು. ಸ್ಥಿತಿ, ಮುಗಿದಿದೆ." ಶಿಳ್ಳೆ ಬಿದ್ದವು. ಗುರುಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಪಕ್ಕದ ಹೆಂಗಸಿಗೆ, "ನನ್ನ ಮಗಳು," ಅಂದಳು, ಕೇಳದಿದ್ದರೂ.

"ಜೇವೂರ ಹಚ್ಚು!" ಎಂದು ಹಿಂದಿನಿಂದ ಒಬ್ಬ ಕೂಗಿದ. "ಮೊದಲ ನಮ್ಮ ಹನ್ನೂರ!" ಎಂದು ಇನ್ನೊಬ್ಬ.

"ಸರದಿ ಪ್ರಕಾರ ಬರ್ರಿ," ಅಂದಳು ಶ್ರದ್ಧಾ ನಗುತ್ತ, ಮತ್ತು ಅವಳ ಬೆರಳುಗಳು ಜೇವೂರದ ಮೊದಲ ಅಕ್ಷರ ಒತ್ತಿದವು.